ನಾಲ್ಕನೆಯ ಕುರ್ಚಿಯ ಗಿಟಾರ್

ಶ್ರೋತೃಗಳಿಗೆ ನಮಸ್ಕಾರ.

ಸ್ಮೂತ್ ಜಾಝ್, ಅಂದರೆ ಜಾಝ್ ಸಂಗೀತದ ಮೆದುವಾದ, ಇಂಪಾದ ಬಗೆ, ಎಂದೊಡನೆ ಹಲವರು ಮೂಗು ಮುರಿಯುತ್ತಾರೆ. ಹೋಟೆಲಿನ ಲಿಫ್ಟಿನಲ್ಲಿ ಹಾಕುವ ಸಂಗೀತ ತಾನೇ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಎಷ್ಟು ಜನ ಒಂದು ಆಲ್ಬಮ್ಮನ್ನಾದರೂ ಪೂರ್ತಿ ಕೇಳಿದ್ದಾರೋ! ಇರಲಿ. ಇಂದು ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ: ಅಮೆರಿಕದ ಸ್ಮೂತ್ ಜಾಝ್ ತಂಡವಾದ ಫೋರ್‌ಪ್ಲೇಯ ಆಲ್ಬಮ್‌ಗಳನ್ನು ಹಾಕಿಕೊಂಡಾಗ ಗಿಟಾರನ್ನು ಹಿಂಬಾಲಿಸಿ. ಉಳಿದದ್ದು ತಾನಾಗಿ ಕಿವಿಗೆ ಬೀಳುತ್ತದೆ.

ಕೀಬೋರ್ಡಿನಲ್ಲಿ ಬಾಬ್ ಜೇಮ್ಸ್, ಬಾಸ್‌ನಲ್ಲಿ ನೇಥನ್ ಈಸ್ಟ್, ಡ್ರಮ್ಸ್‌ನಲ್ಲಿ ಹಾರ್ವಿ ಮೇಸನ್. ಈ ಮೂವರು ಬದಲಾಗಲೇ ಇಲ್ಲ. ನಾಲ್ಕನೆಯ ಕುರ್ಚಿ ಗಿಟಾರ್ ವಾದಕನದು. ಅದರಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಕುಳಿತರು. ಮೊದಲನೆಯವರು ಲೀ ರಿಟೆನೌರ್. ಬಾಬ್ ಜೇಮ್ಸ್ ತಮ್ಮ 'ಗ್ರ್ಯಾಂಡ್ ಪಿಯಾನೊ ಕ್ಯಾನ್ಯನ್' ಆಲ್ಬಮ್ಮಿಗಾಗಿ ಇವರನ್ನೆಲ್ಲ ಕರೆಸಿದ್ದರು. ಅಲ್ಲಿ ಕೂಡಿಬಂದ ಮೇಳವೇ ತಂಡವಾಯಿತು. 1991ರಲ್ಲಿ ಬಂದ ಮೊದಲ ಆಲ್ಬಮ್ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡಿನ ಸಮಕಾಲೀನ ಜಾಝ್ ಪಟ್ಟಿಯಲ್ಲಿ 33 ವಾರ ಮೊದಲ ಸ್ಥಾನದಲ್ಲಿತ್ತು. ಅದರ 'ಬಾಲಿ ರನ್' ಕೇಳಿ. ರಿಟೆನೌರ್ ಅವರ ಬೆರಳು ಚುರುಕು, ನಾದ ತಿಳಿ. ಕೃತಿಯ ಸಾಹಿತ್ಯಕ್ಕೆ ಜಾಗ ಬಿಟ್ಟು ನುಡಿಸುವ ಮೃದಂಗ ವಿದ್ವಾಂಸರಂತೆ ಮೇಸನ್ ಆ ಗಿಟಾರಿಗೆ ಜಾಗ ಬಿಡುತ್ತಾರೆ.

1997ರಲ್ಲಿ ರಿಟೆನೌರ್ ಹೊರಟರು, ಲ್ಯಾರಿ ಕಾರ್ಲ್ಟನ್ ಬಂದರು. ಇವರ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1988ರಲ್ಲಿ ಲಾಸ್ ಏಂಜಲೀಸ್‌ನ ತಮ್ಮ ಸ್ಟುಡಿಯೊ ಹೊರಗೆ ಕಾರ್ಲ್ಟನ್ ಅವರಿಗೆ ಗುಂಡು ಬಿತ್ತು. ಹಗೆಯಿಲ್ಲ, ಕಾರಣವಿಲ್ಲ, ಯಾರೋ ಹಾರಿಸಿದ ಗುಂಡು. ಅದು ಗಂಟಲಿಗೆ ಹೊಕ್ಕು ಧ್ವನಿತಂತುವನ್ನು ಛಿದ್ರಗೊಳಿಸಿತು, ನರಗಳಿಗೂ ಪೆಟ್ಟಾಯಿತು. ಗಿಟಾರ್ ವಾದಕನಿಗೆ ನರಕ್ಕೆ ಪೆಟ್ಟು ಎಂದರೆ ಏನೆಂದು ಯೋಚಿಸಿ! ಆಗ ಅವರ ಕೈಯಲ್ಲಿ ಒಂದು ಆಲ್ಬಮ್ ಅರ್ಧಕ್ಕೆ ನಿಂತಿತ್ತು. ಚಿಕಿತ್ಸೆ, ಅಭ್ಯಾಸ, ಮತ್ತೆ ಅಭ್ಯಾಸ. ಆಲ್ಬಮ್ ಮುಗಿಯಿತು, 1989ರಲ್ಲಿ ಹೊರಬಂತು. ಹೆಸರು 'ಆನ್ ಸಾಲಿಡ್ ಗ್ರೌಂಡ್'. ಆದರೆ ಅವರ ವಾದನದಲ್ಲಿ ಆ ಗುಂಡಿನ ನೋವನ್ನು ಹುಡುಕಲು ಹೋಗಬೇಡಿ. ಅವರು ಮೊದಲಿನಿಂದಲೂ ಮಿತಭಾಷಿಯೇ. ಒಂದು ಸ್ವರ ಹಿಡಿದು, ತಂತಿಯನ್ನು ಮೆಲ್ಲಗೆ ಎಳೆದು, ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ಬಾಗು ಕೊಟ್ಟು ಬಿಟ್ಟುಬಿಡುತ್ತಾರೆ. ಅವರು ಬಂದ ಮೇಲಿನ ಮೊದಲ ಆಲ್ಬಮ್ 1998ರ '4'. ಅದೇ ಕೀಬೋರ್ಡ್, ಅದೇ ಬಾಸ್, ಅದೇ ಡ್ರಮ್ಸ್. ತಂಡ ಮಾತ್ರ ಬೇರೆಯೇ ಅನ್ನಿಸುತ್ತದೆ. ಅದಕ್ಕೇ ಹೇಳುವುದು, ಗಿಟಾರನ್ನು ಹಿಂಬಾಲಿಸಿ ಎಂದು.

ಗಡಿಯಾರ ಓಡುತ್ತಿದೆ, ಕಾರ್ಲ್ಟನ್ ಕಾಲದ ಉಳಿದ ಆರು ಆಲ್ಬಮ್‌ಗಳನ್ನು ನೀವೇ ಕೇಳಿಕೊಳ್ಳಬೇಕು. 'ಸ್ನೋಬೌಂಡ್' ಕ್ರಿಸ್ಮಸ್ ಹಾಡುಗಳ ಆಲ್ಬಮ್; ಅದನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ. ಮೂರನೆಯವರು ಚಕ್ ಲೋಬ್, 2010ರ 'ಲೆಟ್ಸ್ ಟಚ್ ದ ಸ್ಕೈ'ಯಿಂದ. ಇವರ ಬಗ್ಗೆ ಇಷ್ಟು ಕಡಿಮೆ ಹೇಳುವುದು ಅನ್ಯಾಯವೇ. ತಂಡದ 25 ವರ್ಷಕ್ಕೆಂದು 2015ರಲ್ಲಿ ಬಂದ 'ಸಿಲ್ವರ್'ನಲ್ಲಿ ಲೋಬ್ ಜೊತೆ ರಿಟೆನೌರ್, ಕಾರ್ಲ್ಟನ್ ಇಬ್ಬರೂ ಅತಿಥಿಗಳಾಗಿ ನುಡಿಸಿದ್ದಾರೆ. ಎರಡು ವರ್ಷದ ನಂತರ ಲೋಬ್ ತೀರಿಕೊಂಡರು.

ಎಲ್ಲವನ್ನೂ ಕೇಳಲು ಬಿಡುವಿಲ್ಲದವರು 1991, 1998 ಮತ್ತು 2010ರ ಆಲ್ಬಮ್‌ಗಳನ್ನು ಇದೇ ಕ್ರಮದಲ್ಲಿ ಕೇಳಿ. ದಿನಕ್ಕೊಂದು ಸಾಕು. ಅಡುಗೆ ಮಾಡುತ್ತಾ ಬೇಡ, ದಯವಿಟ್ಟು ಕುಳಿತು ಕೇಳಿ. ನಮಸ್ಕಾರ.