ಹಡಗು ಹತ್ತಿದರೆ ದೇಶ ಬಿಟ್ಟ ಹಾಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯಿಂದಲೂ ಈಗ ಹಡಗಿನ ಪ್ರವಾಸಕ್ಕೆ ಜನ ಹೊರಡುತ್ತಿದ್ದಾರೆ. ಮಗ ಬೆಂಗಳೂರಿನಲ್ಲೋ ಸಿಂಗಪುರದಲ್ಲೋ ಕೆಲಸದಲ್ಲಿರುತ್ತಾನೆ. ಅಪ್ಪನಿಗೆ 60 ತುಂಬಿತು, ಶಾಂತಿ ಮಾಡಿಸಿದ್ದಾಯಿತು, ಇನ್ನು ಅಪ್ಪ ಅಮ್ಮನನ್ನು ಕ್ರೂಸ್‌ಗೆ ಕಳಿಸೋಣ ಅಂತ ಟಿಕೆಟ್ ಮಾಡಿಸುತ್ತಾನೆ. ಬಹಳ ಸಂತೋಷದ ವಿಷಯ. ನಾನು 18 ವರ್ಷ ಇಂಥ ಹಡಗುಗಳ ರಿಸೆಪ್ಷನ್ ಕೌಂಟರಿನಲ್ಲಿದ್ದವನು. ಪ್ರಯಾಣಿಕರ ಪಾಸ್‌ಪೋರ್ಟ್ ಎಣಿಸುವುದು, ಜೋಡಿಸುವುದು, ಅಧಿಕಾರಿಗಳ ಮುಂದೆ ಇಡುವುದು, ಇದೇ ನನ್ನ ಕೆಲಸ. ಅಪ್ಪ ಅಮ್ಮಂದಿರೇ, ಇವತ್ತಿನ ಮಾತು ನಿಮಗಾಗಿ.

ಒಂದೇ ಮಾತು. ಹಡಗು ಹತ್ತಿದರೆ ದೇಶ ಬಿಟ್ಟ ಹಾಗೆ.

ಸಿಂಗಪುರದಲ್ಲಿ ಹಡಗು ಹತ್ತುತ್ತೀರಿ. ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ಮತ್ತೆ ಸಿಂಗಪುರಕ್ಕೇ ಬರುತ್ತೀರಿ. ಹತ್ತಿದ ಜಾಗದಲ್ಲೇ ಇಳೀತೀವಲ್ಲ, ಬೆಳಿಗ್ಗೆ ಹೊರಟು ಜೋಗ ನೋಡಿ ರಾತ್ರಿ ಮನೆ ಸೇರಿದ ಹಾಗೆ ಅಲ್ವಾ ಅಂತ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಹಾಗಲ್ಲ. ಸಿಂಗಪುರದ ಬಂದರಿನಲ್ಲಿ ನೀವು ಆ ದೇಶ ಬಿಟ್ಟಿರಿ ಅಂತ ದಾಖಲಾಗುತ್ತದೆ. ಪೆನಾಂಗ್ ಬೇರೆ ದೇಶ, ಫುಕೆಟ್ ಇನ್ನೊಂದು ದೇಶ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಪ್ರತಿ ಸುತ್ತಿಗೂ ಬಾಗಿಲಿದೆ ನೋಡಿ, ಹಾಗೆ ಪ್ರತಿ ಬಂದರೂ ಒಂದು ಬಾಗಿಲು.

ಒಂದು ಸಲ ಜಗಳೂರಿನ ಕಡೆಯ ದಂಪತಿ ಬಂದಿದ್ದರು. ಹಡಗು ಫುಕೆಟ್ ಹತ್ತಿರ ಲಂಗರು ಹಾಕಿತ್ತು. ಅಲ್ಲಿನ ಅಧಿಕಾರಿಗಳು ಹಡಗಿನೊಳಗೇ ಬಂದು ಮೇಜು ಹಾಕಿಕೊಂಡು ಕೂತಿದ್ದರು. ಪ್ರತಿಯೊಬ್ಬರೂ ಮುಂದೆ ನಿಂತು ಮುಖ ತೋರಿಸಬೇಕು, ಪಾಸ್‌ಪೋರ್ಟ್ ತೋರಿಸಬೇಕು. ಕೊನೆಯವರ ತಪಾಸಣೆ ಮುಗಿಯುವ ತನಕ ಯಾರನ್ನೂ ಇಳಿಸುವ ಹಾಗಿರಲಿಲ್ಲ. ಎಲ್ಲರದೂ ಆಯಿತು. ಒಂದು ಹೆಸರು ಉಳಿಯಿತು. ಮೈಕಿನಲ್ಲಿ ಇಂಗ್ಲಿಷಿನಲ್ಲಿ ಕೂಗಿದರು, ಚೀನೀ ಭಾಷೆಯಲ್ಲಿ ಕೂಗಿದರು. ಯಾರೂ ಬರಲಿಲ್ಲ. ಸಾಲಿನ ಪಕ್ಕ ನಿಂತಿದ್ದ ಯಜಮಾನರು ನನ್ನ ಎದೆಯ ಮೇಲಿನ ಹೆಸರು ಓದಿ, "ನೀವು ನಮ್ಮ ಕಡೆಯವರಾ? ನಮ್ಮ ಮನೆಯವರು ರೂಮಿನಲ್ಲೇ ಕೂತಿದಾರೆ. ನೀವಾದರೂ ಹೇಳಿ ಸ್ವಾಮಿ" ಅಂದರು.

ಹೋದೆ. ಅವ್ವ ಮಂಚದ ಮೇಲೆ ಕೂತಿದ್ದರು. ಕೈಯಲ್ಲಿ ಹಡಗಿನ ಕಾರ್ಡು. "ಇದನ್ನ ತೋರಿಸಿದೀನಲ್ಲಪ್ಪ, ಇನ್ನೇನು? ಆ ಪುಸ್ತಕ ಯಾರ ಕೈಗೂ ಕೊಡಬ್ಯಾಡ ಅಂತ ಮಗ ಹೇಳ್ಯಾನೆ" ಅಂದರು. ಮಗ ಹೇಳಿದ್ದು ತಪ್ಪಲ್ಲ, ಅರ್ಧ ಮಾತ್ರ ಹೇಳಿದ್ದ. ನಾನು ಪಕ್ಕದಲ್ಲಿ ಕೂತು ಹೇಳಿದೆ: "ಅವ್ವಾ, ಈ ಕಾರ್ಡು ರೂಮಿನ ಬೀಗಕ್ಕೆ, ಅಂಗಡಿ ಲೆಕ್ಕಕ್ಕೆ, ಹಡಗಿಂದ ಯಾರು ಇಳಿದರು ಯಾರು ಹತ್ತಿದರು ಅನ್ನೋದಕ್ಕೆ. ಗಡಿಗೆ ಇದು ನಡೆಯಲ್ಲ. ನಾವೀಗ ಬೇರೆ ದೇಶದಲ್ಲಿದೀವಿ." ಅವರಿಗೆ ಗಾಬರಿಯಾಯಿತು. "ಬ್ಯಾರೆ ದೇಶನಾ? ನಾವು ಹಡಗಿನಾಗೇ ಇದೀವಲ್ಲಪ್ಪ!"

ಆಮೇಲೆ ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಅದರ ಕೆಳಗೆ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟ್. ಡಬ್ಬಿಯ ಮುಚ್ಚಳ ಸಡಿಲವಾಗಿ ಸುಣ್ಣ ಫೋಟೊ ಪುಟಕ್ಕೆ ಮೆತ್ತಿತ್ತು. ಆ ಪುಟದ ಕೆಳಗೆ ಎರಡು ಸಾಲು ಇರುತ್ತವೆ, ಸಾಲಿಗೆ 44 ಅಕ್ಷರ. ಮೆಷಿನ್ ಓದುವುದು ಅದನ್ನೇ. ಅಧಿಕಾರಿ ಒಮ್ಮೆ ಇಟ್ಟರು, ಓದಲಿಲ್ಲ. ಕರ್ಚೀಫಿನಿಂದ ಮೆಲ್ಲಗೆ ಒರೆಸಿ ಮತ್ತೆ ಇಟ್ಟರು, ಓದಲಿಲ್ಲ. ಅವ್ವ ನನ್ನ ತೋಳು ಹಿಡಿದುಕೊಂಡಿದ್ದರು, ಕೈ ನಡುಗುತ್ತಿತ್ತು. ಮೂರನೇ ಸಲ ಓದಿತು. ಹಡಗಿನ ಜನರೆಲ್ಲ ಆ ಒಂದು ಪುಸ್ತಕಕ್ಕಾಗಿ ಮುಕ್ಕಾಲು ಗಂಟೆ ಕಾದಿದ್ದರು.

ಈ ಕಥೆಯಲ್ಲೇ ನನ್ನ ಸಮಯ ಓಡಿತು. ಉಳಿದದ್ದನ್ನು ಬೇಗ ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ.

ಕೆಲವು ಹಡಗಿನಲ್ಲಿ ಹತ್ತುವಾಗಲೇ ಪಾಸ್‌ಪೋರ್ಟ್ ಇಸ್ಕೊಳ್ಳುತ್ತಾರೆ. ಕೊಡಿ, ಹೆದರಬೇಡಿ. ಬಂದರಿನ ಅಧಿಕಾರಿಗಳಿಗೆ ಒಟ್ಟಿಗೆ ತೋರಿಸಲು ಅದು ಬೇಕು. ಯಾವಾಗ, ಎಲ್ಲಿ ವಾಪಸ್ ಕೊಡುತ್ತೀರಿ ಅಂತ ಮಾತ್ರ ಕೇಳಿಟ್ಟುಕೊಳ್ಳಿ. ಜೆರಾಕ್ಸ್ ನಿಮ್ಮ ಹತ್ತಿರವೇ ಇರಲಿ, ಊರು ನೋಡಲು ಇಳಿದಾಗಲೂ.

ವೀಸಾ. ಇಲ್ಲೇ ಜಾಸ್ತಿ ಜನ ಎಡವುವುದು. ಹಡಗು ಹತ್ತಿದರೆ ದೇಶ ಬಿಟ್ಟ ಹಾಗೆ ಅಂದೆನಲ್ಲ, ಹಾಗಾದರೆ ವಾಪಸ್ ಬರುವುದು ಎರಡನೇ ಪ್ರವೇಶ. ಒಂದೇ ಸಲ ಒಳಗೆ ಬಿಡುವ ವೀಸಾ ಆಗ ಕೆಲಸಕ್ಕೆ ಬರುವುದಿಲ್ಲ. ಗ್ರೀಸಿನಿಂದ ಹೊರಟು ಟರ್ಕಿ ಮುಟ್ಟಿ ಗ್ರೀಸಿಗೆ ಬರುವ ಹಡಗಿಗೂ ಇದೇ ಕಥೆ. ಟಿಕೆಟ್ ಮಾಡಿಸುವಾಗಲೇ "ಮಲ್ಟಿಪಲ್ ಎಂಟ್ರಿ ಇದೆಯಾ?", ಅಂದರೆ ಹಲವು ಸಲ ಒಳಗೆ ಬಿಡುವ ವೀಸಾನಾ, ಅಂತ ಕೇಳಿ. ಏಜೆಂಟರು "ಎಲ್ಲಾ ಸರಿಯಾಗಿದೆ, ಬಿಡಿ" ಅಂದರೆ ಸುಮ್ನೆ ತಲೆಯಾಡಿಸಬೇಡಿ. ವೀಸಾ ಕಾಗದ ಕೈಯಲ್ಲಿ ಹಿಡಿದು ಓದಿ, ಓದಿಸಿ.

ಮುಂಬೈಯಿಂದ ಗೋವಾಕ್ಕೆ ಹೋಗುವ ಹಡಗಿಗೆ ಮಾತ್ರ ಇದ್ಯಾವುದೂ ಬೇಡ, ಆಧಾರ್ ಸಾಕು. ಅಲ್ಲಿ ದೇಶ ಬಿಡುವುದಿಲ್ಲವಲ್ಲ.

ಕೊನೆಯದಾಗಿ, ರಾತ್ರಿ ಊಟ ಆದಮೇಲೆ ಬೀರು ತೆಗೆದು ಪಾಸ್‌ಪೋರ್ಟಿನ ಕೊನೆಯ ದಿನಾಂಕ ನೋಡಿ. ಪ್ರವಾಸ ಮುಗಿದ ಮೇಲೂ 6 ತಿಂಗಳು ಬಾಕಿ ಇರಬೇಕು. ದೊಡ್ಡವರದು 10 ವರ್ಷ ನಡೆಯುತ್ತದೆ, ಚಿಕ್ಕ ಮಕ್ಕಳದು 5 ವರ್ಷ ಅಷ್ಟೇ. ಮೊಮ್ಮಕ್ಕಳದನ್ನು ಮರೆಯದೆ ನೋಡಿ. ಹೊಸದು ಮಾಡಿಸಬೇಕಾದರೆ ಬೆಂಗಳೂರಿಗೆ ಓಡಬೇಕಿಲ್ಲ, ದಾವಣಗೆರೆಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಮೊದಲು ಆನ್‌ಲೈನ್‌ನಲ್ಲಿ ದಿನ ಗೊತ್ತು ಮಾಡಿಕೊಂಡು ಹೋಗಿ. ಮತ್ತೆ ಅವ್ವಂದಿರೇ, ಸುಣ್ಣದ ಡಬ್ಬಿ ಬೇರೆ ಚೀಲದಲ್ಲಿರಲಿ.

ನಮಸ್ಕಾರ.