ಹಳೆ ಯಂತ್ರದಲ್ಲಿ ಏನು ಉಳಿಸಬೇಕು, ಏನು ಬಿಡಬೇಕು

ಎಲ್ಲರಿಗೂ ನಮಸ್ಕಾರ.

ಮರಗೆಲಸದ ಹಳೆ ಯಂತ್ರ ತಂದು, ಬಿಚ್ಚಿ, ತೊಳೆದು, ಮನೆಯ ವರ್ಕ್‌ಶಾಪಿನಲ್ಲಿ ಮತ್ತೆ ಓಡಿಸುವ ಬಗ್ಗೆ ಇವತ್ತಿನ ಮಾತು. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇಂಥ ಯಂತ್ರ ಕೊಳ್ಳುವಾಗ ನಾವು ದುಡ್ಡು ಕೊಡಬೇಕಾದ್ದು ಅದರ ಎರಕಕ್ಕೆ, ಅಂದರೆ ಅಚ್ಚಿನಲ್ಲಿ ಹೊಯ್ದ ಕಬ್ಬಿಣದ ಮೈಗೆ. ಮೋಟಾರು ಸುಟ್ಟಿದ್ದರೆ ರಿವೈಂಡ್ ಮಾಡಿಸಬಹುದು. ಬೇರಿಂಗು, ಬೆಲ್ಟು ಹೊಸವು ಸಿಗುತ್ತವೆ. ಬಣ್ಣದ ಮಾತೇ ಬೇಡ. ಆದರೆ ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ದುಂಡು ಬ್ಲೇಡು ಮೇಲೆ ಬಂದಿರುವ ಗರಗಸದ ಯಂತ್ರ, ಅದರ ಹೊಟ್ಟೆಯೊಳಗೆ ಬ್ಲೇಡಿನ ಶಾಫ್ಟನ್ನು ಹೊತ್ತ ಎರಕವೇ ಸೀಳಿದ್ದರೆ, ಆ ಮಾದರಿಯನ್ನು ಈಗ ಯಾರೂ ತಯಾರಿಸದಿದ್ದರೆ, ನೀವು ಮನೆಗೆ ತಂದದ್ದು ಗುಜರಿ.

ಈ ಯಂತ್ರಗಳು ಅಷ್ಟು ಚೆನ್ನಾಗಿ ಓಡುವುದಕ್ಕೆ ಮುಖ್ಯ ಕಾರಣ ಬೀಡುಕಬ್ಬಿಣ. ಅದರ ಒಳಗೆ ಗ್ರಾಫೈಟ್ ಸಣ್ಣ ಸಣ್ಣ ಹಾಳೆಗಳಾಗಿ ಹರಡಿಕೊಂಡಿರುತ್ತದೆ. ಬ್ಲೇಡು ತಿರುಗುವಾಗ ಹುಟ್ಟುವ ಅದುರಾಟವನ್ನು ಅದು ಅಲ್ಲೇ ನುಂಗಿಬಿಡುತ್ತದೆ. ಅದೇ ಗ್ರಾಫೈಟಿನ ದೆಸೆಯಿಂದ ಈ ಕಬ್ಬಿಣ ಬಗ್ಗುವುದಿಲ್ಲ. ಲಾರಿಯಿಂದ ಇಳಿಸುವಾಗ ಪೆಟ್ಟು ಬಿದ್ದರೆ ಒಡೆದೇ ಹೋಗುತ್ತದೆ.

ಹಾಗಾಗಿ ಬಿರುಕು ಹುಡುಕುವುದು ಮೊದಲ ಕೆಲಸ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಎರಕ ಠಣ್ ಅನ್ನುತ್ತದೆ, ಸೀಳಿದ್ದು ಒಡಕು ಮಡಕೆ ತಟ್ಟಿದ ಹಾಗೆ ಮಂದ ಸದ್ದು ಕೊಡುತ್ತದೆ. ಅನುಮಾನ ಬಂದ ಜಾಗವನ್ನು ಚೆನ್ನಾಗಿ ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮತ್ತೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಖರ್ಚೇ ಇಲ್ಲದ ಪರೀಕ್ಷೆ. ಡ್ರಿಲ್ ಪ್ರೆಸ್ಸಿನ ಟೇಬಲ್ಲಿನಲ್ಲಿ ಯಾರೋ ಕೊರೆದ ತೂತುಗಳಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಅವು ನೋಡಲು ಅಸಹ್ಯ, ಅಷ್ಟೇ.

ಇನ್ನು ಮೋಟಾರು. ಮನೆಯ ವರ್ಕ್‌ಶಾಪಿಗೆಂದೇ ಸಣ್ಣ ಯಂತ್ರ ಮಾಡಿದ ಡೆಲ್ಟಾ ಕಂಪನಿ ಅಮೆರಿಕದ ಮಿಲ್ವಾಕಿಯಲ್ಲಿ 1919ರಲ್ಲೇ ಶುರುವಾಯಿತು. ಆದರೆ ಇಂಗ್ಲೆಂಡಿನ ವಾಡ್ಕಿನ್, ಅಮೆರಿಕದ ಆಲಿವರ್ ಇವರ ದೊಡ್ಡ ಯಂತ್ರಗಳು ಕಾರ್ಖಾನೆಗೆ ಮಾಡಿದವು. ಅವುಗಳಲ್ಲಿ ಮೂರು ಫೇಸಿನ ಮೋಟಾರೇ ಜಾಸ್ತಿ. ಮನೆಯಲ್ಲಿ ಇರುವುದು ಒಂದೇ ಫೇಸು, ಅಲ್ವಾ? ಅದಕ್ಕೆ ವಿಎಫ್‌ಡಿ ಹಾಕುತ್ತಾರೆ, ಅಂದರೆ ಒಂದು ಫೇಸಿನಿಂದ ಮೂರು ಫೇಸು ಮಾಡಿ ಮೋಟಾರಿಗೆ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ. 230 ವೋಲ್ಟಿನ ಸಾಮಾನ್ಯ ವಿಎಫ್‌ಡಿ ಮೂರು ಫೇಸು ಕೊಟ್ಟರೂ ಕೊಡುವುದು 230 ವೋಲ್ಟೇ. ಮೋಟಾರಿನ ತಗಡಿನ ಮೇಲೆ 230/400 ಅಂತಿದ್ದರೆ ಸ್ಟಾರ್‌ನಿಂದ ಡೆಲ್ಟಾಗೆ ಕನೆಕ್ಷನ್ ಬದಲಿಸಿದರೆ ಸಾಕು. ಇವು ಮೋಟಾರಿನ ಸುರುಳಿಗಳನ್ನು ಜೋಡಿಸುವ ಎರಡು ರೀತಿ, ಈ ಡೆಲ್ಟಾ ಕಂಪನಿಯ ಹೆಸರಲ್ಲ. ಬರೀ 400 ಸ್ಟಾರ್ ಅಂತಿದ್ದರೆ ಸುರುಳಿಯ ಒಳಗೆ ಮುಚ್ಚಿಹೋದ ಜಾಯಿಂಟನ್ನು ಬಿಡಿಸಿ ಹೊರಗೆ ತರಬೇಕು. ಅದನ್ನು ರಿವೈಂಡಿಂಗ್ ಮಾಡುವವರ ಕೈಗೆ ಕೊಡಿ. ಇನ್ನೊಂದು ಮಾತು: ವಿಎಫ್‌ಡಿಗೂ ಮೋಟಾರಿಗೂ ನಡುವೆ ಹಳೆ ಸ್ವಿಚ್ಚು ಉಳಿಸಬೇಡಿ. ಓಡುತ್ತಿರುವಾಗ ಅದನ್ನು ಆರಿಸಿದರೆ ವಿಎಫ್‌ಡಿ ಸುಟ್ಟುಹೋಗಬಹುದು.

ಬಿಚ್ಚುವಾಗ ಎಲ್ಲದಕ್ಕೂ ಫೋಟೊ ತೆಗೆಯಿರಿ ಅಂತ ಬೇರೆ ಹೇಳಬೇಕಿಲ್ಲ. ಹೇಳಬೇಕಾದ್ದು ಬ್ಲೇಡಿನ ನಟ್ಟಿನ ಬಗ್ಗೆ. ಕೆಲವು ಯಂತ್ರಗಳಲ್ಲಿ ಅದರ ತಿರುಪು ಎಡಗಡೆಯದು, ಅಂದರೆ ಸಾಮಾನ್ಯ ನಟ್ಟಿಗೆ ಉಲ್ಟಾ. ಗೊತ್ತಿಲ್ಲದೆ ಪೈಪು ಸಿಕ್ಕಿಸಿ ಬಲ ಹಾಕಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಬ್ಲೇಡು ಯಾವ ಕಡೆ ತಿರುಗಿ ಕೊಯ್ಯುತ್ತದೋ ಆ ಕಡೆಗೇ ನಟ್ಟು ತಿರುಗಿಸಿ, ಬಿಚ್ಚಿಕೊಳ್ಳುತ್ತದೆ.

ತುಕ್ಕು ತೆಗೆಯಲು ಸಣ್ಣ ಭಾಗಗಳಿಗೆ ಕರೆಂಟಿನ ತೊಟ್ಟಿ ನನಗೆ ಇಷ್ಟ. ಪ್ಲಾಸ್ಟಿಕ್ ಟಬ್ಬಿಗೆ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ನಿಮ್ಮ ಭಾಗಕ್ಕೆ, ಪ್ಲಸ್ ಒಂದು ಗುಜರಿ ಕಬ್ಬಿಣದ ತುಂಡಿಗೆ. ಅದಲು ಬದಲಾದರೆ ನಿಮ್ಮ ಭಾಗವೇ ಕರಗುತ್ತದೆ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ, ವಿಷದ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ತೊಟ್ಟಿ ಹೊರಗಡೆ ಇರಲಿ, ಹತ್ತಿರ ಕಿಡಿ ಬೇಡ. ಅಲ್ಯೂಮಿನಿಯಂ ಭಾಗಗಳನ್ನು ಮುಳುಗಿಸಬೇಡಿ, ಸೋಡಾ ಅವನ್ನು ತಿಂದುಹಾಕುತ್ತದೆ. ದೊಡ್ಡ ಟೇಬಲ್ಲಿಗೆ ಸೀಮೆಎಣ್ಣೆ ಮತ್ತು ಅಡ್ಡ ಹಿಡಿದ ರೇಜರ್ ಬ್ಲೇಡು ಸಾಕು. ಬೇಗ ಆಗಲಿ ಅಂತ ಗ್ರೈಂಡರ್ ಹಿಡಿಯುವವರನ್ನು ಕಂಡರೆ ನನಗೆ ಸಂಕಟ. ಅದರ ಸಮತಟ್ಟು ಮುಖವನ್ನೇ ಹಾಳು ಮಾಡಿದ ಮೇಲೆ ಹೊಳಪು ಬಂದು ಏನು ಪ್ರಯೋಜನ?

ಈಗ ಬೇರಿಂಗು. ಬಾಲ್ ಬೇರಿಂಗ್ ಇದ್ದರೆ ಕೆಲಸ ಸುಲಭ. ಮೇಲಿನ ನಂಬರ್ ಓದಿ ಹೊಸದು ತನ್ನಿ. 6205 ಅಂದರೆ ಕೊನೆಯ ಎರಡು ಅಂಕಿಗೆ ಐದರಿಂದ ಗುಣಿಸಿ, ಒಳತೂತು 25 ಮಿಲಿಮೀಟರ್. ಕೊನೆಗೆ 00ರಿಂದ 03ರ ತನಕ ಇರುವವು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, 6203 ಅಂದರೆ 17. ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನೇ ಒತ್ತಿ. ಹೊರಬಳೆಗೆ ಪೆಟ್ಟು ಕೊಟ್ಟರೆ ಹೊಸ ಬೇರಿಂಗೂ ಒಳಗಿನ ಗುಂಡುಗಳ ಗುರುತು ಬಿದ್ದು ಕಿರುಗುಡುತ್ತದೆ.

ಇನ್ನೂ ಹಳೆಯವುಗಳಲ್ಲಿ ಬ್ಯಾಬಿಟ್ ಇರುತ್ತದೆ, ಅಂದರೆ ಶಾಫ್ಟಿನ ಸುತ್ತ ಹೊಯ್ದ ಮೆತ್ತನೆ ಲೋಹದ ಬೇರಿಂಗು. ಐಸಾಕ್ ಬ್ಯಾಬಿಟ್ ಅನ್ನುವವರು 1839ರಲ್ಲಿ ಪೇಟೆಂಟ್ ಪಡೆದ ಏರ್ಪಾಡು. ಲೋಹದಲ್ಲಿ ಹೆಚ್ಚಿನ ಪಾಲು ತವರ, ಜೊತೆಗೆ ಆಂಟಿಮನಿ, ತಾಮ್ರ. ಅಗ್ಗದವುಗಳಲ್ಲಿ ಸೀಸ. ಇದನ್ನು ಕಂಡ ಕೂಡಲೇ ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕು ಅಂತ ಹೊರಡುತ್ತಾರೆ. ಅವಸರ ಬೇಡ. ಎಣ್ಣೆ ಸರಿಯಾಗಿ ಕುಡಿದ ಬ್ಯಾಬಿಟ್ ನೂರು ವರ್ಷವೂ ಬಾಳುತ್ತದೆ. ಶಾಫ್ಟು ಅಲ್ಲಾಡಿದರೆ ಮೇಲಿನ ಮುಚ್ಚಳ ಬಿಚ್ಚಿ ನೋಡಿ. ಮುಚ್ಚಳಕ್ಕೂ ತಳಕ್ಕೂ ನಡುವೆ ತೆಳುವಾದ ತಗಡುಗಳು ಇರುತ್ತವೆ. ಎರಡೂ ಕಡೆ ಒಂದೊಂದು ತಗಡು ತೆಗೆದರೆ ಸವೆದ ಸಂದು ಮುಚ್ಚುತ್ತದೆ. ಶಾಫ್ಟಿಗೆ ನೀಲಿ ಬಣ್ಣ ತೆಳುವಾಗಿ ಸವರಿ ಕೂರಿಸಿ, ಒಂದು ಸುತ್ತು ತಿರುಗಿಸಿ, ಎತ್ತಿ. ಎಲ್ಲಿ ನೀಲಿ ಹತ್ತಿದೆಯೋ ಅಲ್ಲಿ ಎತ್ತರ. ಅಷ್ಟನ್ನೇ ಸ್ಕ್ರೇಪರಿನಿಂದ ಎಳೆದು ತೆಗೆಯಿರಿ. ಮತ್ತೆ ನೀಲಿ, ಮತ್ತೆ ಸ್ಕ್ರೇಪರ್. ಚುಕ್ಕಿಗಳು ಎಲ್ಲ ಕಡೆ ಸಮನಾಗಿ ಹರಡುವ ತನಕ. ಶಾಫ್ಟಿನ ದಪ್ಪ ಒಂದು ಇಂಚಿದ್ದರೆ ಇಂಚಿನ ಸಾವಿರದಲ್ಲೊಂದು ಭಾಗ ಸಂದು ಎಣ್ಣೆಗೆ ಉಳಿಯಲಿ.

ಹೊಯ್ಯಲೇಬೇಕಾದರೆ ನೀರಿನ ಪಸೆಗೆ ಹೆದರಿ. ಎರಕದಲ್ಲಿ ಒಂದು ಹನಿ ನೀರಿದ್ದರೂ ಕಾದ ಲೋಹ ತಾಗಿ ಆವಿಯಾಗಿ ಮುಖಕ್ಕೇ ಸಿಡಿಯುತ್ತದೆ. ಆದ್ದರಿಂದ ಎರಕವನ್ನೂ ಶಾಫ್ಟನ್ನೂ ಮೊದಲು ಬಿಸಿ ಮಾಡಬೇಕು. ಶಾಫ್ಟಿಗೆ ಮೇಣದಬತ್ತಿಯ ಮಸಿ ಹಿಡಿಸಬೇಕು, ಇಲ್ಲದಿದ್ದರೆ ಲೋಹ ಅಂಟುತ್ತದೆ. ಒಂದೇ ಸಲಕ್ಕೆ, ನಿಲ್ಲಿಸದೆ ಹೊಯ್ಯಬೇಕು.

ಹಳೆಯದನ್ನೆಲ್ಲ ಇದ್ದ ಹಾಗೇ ಉಳಿಸಬೇಕು ಅನ್ನುವವರ ಜೊತೆ ನಾನು ಜಗಳವಾಡುವುದು ಎರಡು ಕಡೆ. ಮೊದಲನೆಯದು ಹಳೆ ಜಾಯಿಂಟರುಗಳ, ಅಂದರೆ ಹಲಗೆಯ ಮುಖ ಸಮ ಮಾಡುವ ಯಂತ್ರಗಳ, ಚೌಕ ಕಟರ್‌ಹೆಡ್. ಕಟರ್‌ಹೆಡ್ ಅಂದರೆ ಬ್ಲೇಡುಗಳನ್ನು ಹೊತ್ತು ತಿರುಗುವ ಉರುಳೆ. ಚೌಕದ ಚಪ್ಪಟೆ ಮುಖ ಎದುರು ಬಂದಾಗ ಟೇಬಲ್ಲಿನ ಅಂಚಿಗೂ ಅದಕ್ಕೂ ನಡುವೆ ದೊಡ್ಡ ಬಾಯಿ ತೆರೆಯುತ್ತದೆ. ಕೈ ಜಾರಿದರೆ ಬೆರಳು ಆಳಕ್ಕೆ ಹೋಗುತ್ತದೆ. ದುಂಡು ಹೆಡ್ಡಿನಲ್ಲೂ ಗಾಯವಾಗುತ್ತದೆ, ಆದರೆ ಅಷ್ಟು ಆಳಕ್ಕೆ ಎಳೆದುಕೊಳ್ಳುವುದಿಲ್ಲ. ಚೌಕದ್ದನ್ನು ತೆಗೆದು ದುಂಡು ಹೆಡ್ಡು ಮಾಡಿಸಿ ಹಾಕಿ. ಆಗದಿದ್ದರೆ ಆ ಯಂತ್ರವನ್ನು ಸುಮ್ನೆ ನೋಡಲು ಇಟ್ಟುಕೊಳ್ಳಿ. ಎರಡನೆಯದು ಸ್ವಿಚ್ಚು. ಕರೆಂಟು ಹೋಗಿ ಬಂದಾಗ ಹಳೆ ಸ್ವಿಚ್ಚಿನ ಯಂತ್ರ ತಾನಾಗೇ ಶುರುವಾಗುತ್ತದೆ. ಆ ಹೊತ್ತಿಗೆ ನಿಮ್ಮ ಕೈ ಬ್ಲೇಡಿನ ಹತ್ತಿರ ಇರಬಹುದು. ಮ್ಯಾಗ್ನೆಟಿಕ್ ಸ್ಟಾರ್ಟರ್ ಹಾಕಿದರೆ ಬಟನ್ ಒತ್ತುವ ತನಕ ಅದು ಏಳುವುದಿಲ್ಲ. ಕಳೆದುಹೋದ ಗಾರ್ಡುಗಳನ್ನೂ ಹೊಸದಾಗಿ ಮಾಡಿಸಿ.

ಬಣ್ಣ ಕೊನೆಗೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿರಿ. ಟೇಬಲ್ಲಿಗೆ ಬಣ್ಣ ಬೇಡ, ಮೇಣ ಸಾಕು. ಸಿಲಿಕೋನ್ ಇರುವ ಪಾಲಿಶ್ ಬಳಸಬೇಡಿ, ಅದು ಮರಕ್ಕೆ ಹತ್ತಿದರೆ ಆಮೇಲೆ ವಾರ್ನಿಶ್ ಹಿಡಿಯುವುದಿಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.