ಅಳತೆಪಟ್ಟಿ ಹಿಡಿದು ಕರಾವಳಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ, ವಿದ್ಯಾರ್ಥಿ ಭವನದ ಮುಂದೆ ಕ್ಯೂ ನಿಂತಿರೋ ಹೊತ್ತಿನಲ್ಲಿ, ಬಸವನಗುಡಿಯ ಈ ಸಭಾಂಗಣಕ್ಕೆ ಇಷ್ಟು ಜನ ಬಂದಿದ್ದೀರಿ. ಒಂದೋ ನಿಮಗೆ ಪುಟ್ಟ ಮಾದರಿ ಹಡಗು ಕಟ್ಟೋ ಹುಚ್ಚಿದೆ, ಇಲ್ಲಾ ದೋಸೆ ಮುಗಿಸಿಕೊಂಡೇ ಬಂದಿದ್ದೀರಿ.

ನನ್ನ ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಂಡಿದ್ದೀನಿ. ಹಡಗಿನ ಒಡಲು, ಹಗ್ಗದ ಕೆಲಸ, ಸಾಮಾನು ಸರಂಜಾಮು, ಕೊನೆಗೆ ನಮ್ಮ ಕರಾವಳಿ. ಪ್ರತಿ ಸಲ ಕೊನೇದಕ್ಕೆ ಬರೋ ಹೊತ್ತಿಗೆ ಅಧ್ಯಕ್ಷರು ಗಡಿಯಾರ ನೋಡೋಕೆ ಶುರು ಮಾಡ್ತಾರೆ. ಅದಕ್ಕೆ ಇವತ್ತು ಕೊನೇದನ್ನೇ ಮೊದಲು ತಗೊಳ್ತೀನಿ.

ಪಕ್ಕದ ಮೇಜಿನ ಮೇಲೆ ಗೆಳೆಯರು ಮಾಡಿ ತಂದಿರೋ ಹಡಗುಗಳನ್ನ ನೋಡಿದಿರಿ. ಬ್ರಿಟನ್ನಿನ ಹಳೇ ಯುದ್ಧನೌಕೆ ವಿಕ್ಟರಿ ಎರಡಿವೆ. ಒಂದು ಕಟಿ ಸಾರ್ಕ್, ಒಂದು ಕಾನ್‌ಸ್ಟಿಟ್ಯೂಷನ್, ಸ್ವೀಡನ್ನಿನ ವಾಸಾ ಒಂದು. ವಾಸಾ ನಿಮಗೆ ಗೊತ್ತಲ್ಲ, 1628ರಲ್ಲಿ ಮೊದಲ ಯಾನಕ್ಕೆ ಹೊರಟು ಬಂದರು ದಾಟೋದರೊಳಗೇ ಮುಳುಗಿದ ಹಡಗು. ಅದನ್ನ ಮಾಡೋರಿಗೆ ಒಂದು ಅನುಕೂಲ ಇದೆ, ನೀರಲ್ಲಿ ಬಿಟ್ಟು ತೋರಿಸಿ ಅಂತ ಯಾರೂ ಕೇಳಲ್ಲ. ಕೈಕೆಲಸದಲ್ಲಿ ಇವು ಯಾವುದೂ ಯಾವ ದೇಶದ ಕೆಲಸಕ್ಕೂ ಕಮ್ಮಿ ಇಲ್ಲ. ಆದರೆ ಮೇಜಿನ ಈ ತುದಿಯಿಂದ ಆ ತುದಿವರೆಗೆ ಹುಡುಕಿದರೂ ನಮ್ಮ ಕರಾವಳಿಯ ಮರದ ಹಡಗು ಒಂದೂ ಇಲ್ಲ: ಮಂಜಿ ಇಲ್ಲ, ಮಚವೆ ಇಲ್ಲ, ಪತ್ತೇಮಾರಿ ಇಲ್ಲ. ನನ್ನ ತಕರಾರು ಇಷ್ಟೇ.

ಯಾಕಿಲ್ಲ ಅಂದ್ರೆ ಅದರ ಕಿಟ್ ಸಿಗಲ್ಲ ಅಂತೀರಿ. ಇಟಲಿಯಿಂದ, ಸ್ಪೇನಿನಿಂದ ಬರೋ ಡಬ್ಬದಲ್ಲಿ ನಕ್ಷೆ ಇರುತ್ತೆ, ಲೇಸರಿನಲ್ಲಿ ಕತ್ತರಿಸಿದ ಪಕ್ಕೆಗಳು ಇರುತ್ತವೆ, ಹಿತ್ತಾಳೆಯ ಪುಟ್ಟ ಫಿರಂಗಿ ಇರುತ್ತೆ, ಎಲ್ಲಿ ಯಾವ ಹಲಗೆ ಅಂತ ನಂಬರ್ ಕೂಡ ಇರುತ್ತೆ. ಪತ್ತೇಮಾರಿಗೆ ಡಬ್ಬ ಇಲ್ಲ. ಸರಿ, ಡಬ್ಬ ಯಾಕಿಲ್ಲ? ನಕ್ಷೆ ಇಲ್ಲ. ನಕ್ಷೆ ಯಾಕಿಲ್ಲ? ಯಾರೂ ಅಳತೆ ತೆಗೀಲಿಲ್ಲ. ಹಾಗಾದ್ರೆ ಅಳತೆಪಟ್ಟಿ ಹಿಡ್ಕೊಂಡು ಹೋಗಿ ಸ್ವಾಮಿ. ಈ ಮಾತನ್ನ ಇವತ್ತು ಮೂರ್ನಾಲ್ಕು ಸಲ ಹೇಳ್ತೀನಿ, ತಡ್ಕೊಳ್ಳಿ.

ನಕ್ಷೆ ಅಂದೆ, ಒಂದು ಕಥೆ ಹೇಳಲೇಬೇಕು. ಹಳಬರು ಕೇಳಿದ್ದೀರಿ, ಇನ್ನೊಂದು ಸಲ ಕೇಳಿ.

ನೆಪೋಲಿಯನ್ ಜೊತೆ ಯುದ್ಧ ಮಾಡಿ ಮಾಡಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ತೇಗ ಇರೋದು ನಮ್ಮ ಪಶ್ಚಿಮ ಘಟ್ಟದಲ್ಲಿ. ಅದಕ್ಕಾಗಿಯೇ 1806ರಲ್ಲಿ ಮಲಬಾರಿಗೆ ಒಬ್ಬ ಅರಣ್ಯ ಸಂರಕ್ಷಕನನ್ನ ನೇಮಿಸಿದರು, ಕಾಡಿನ ಮೇಲಿನ ಪ್ರೀತಿಗಲ್ಲ, ಹಡಗಿನ ಮರಕ್ಕೆ. ಹಡಗು ಕಟ್ಟೋ ಕೈ ಇದ್ದಿದ್ದು ಮುಂಬಯಿಯಲ್ಲಿ. ಅಲ್ಲಿನ ವಾಡಿಯಾ ಮನೆತನದ ಮೂಲಪುರುಷ ಲೌಜಿ ನಸರ್‌ವಾನ್‌ಜಿ 1736ರಲ್ಲಿ ಸೂರತ್ತಿನಿಂದ ಬಂದವರು. ನಮ್ಮ ಕಥೆಯ ಕಾಲಕ್ಕೆ ಜಮ್‌ಶೇಟ್‌ಜಿ ಬೊಮಾನ್‌ಜಿ ಮುಖ್ಯ ಮೇಸ್ತ್ರಿ. 1812ರಲ್ಲಿ ಬ್ರಿಟಿಷ್ ನೌಕಾಪಡೆ ಅವರಿಗೆ ಒಂದು ಫ್ರಿಗೇಟ್ ಕಟ್ಟೋಕೆ ಹೇಳಿತು, ಹೆಸರು ಟ್ರಿಂಕೋಮಲಿ. ನಕ್ಷೆಗಳನ್ನ ಜಾವಾ ಅನ್ನೋ ಇನ್ನೊಂದು ಯುದ್ಧನೌಕೆಯಲ್ಲಿ ಕಳಿಸಿದರು. ಮುಂಬಯಿಯಲ್ಲಿ ಕಟ್ಟುತ್ತಿದ್ದ ಹಡಗುಗಳ ತಳಕ್ಕೆ ಬೇಕಾದ ತಾಮ್ರದ ತಗಡು ಕೂಡ ಅದರಲ್ಲೇ.

ಜಾವಾ ಆಫ್ರಿಕಾ ಸುತ್ತಿ ಬರಬೇಕಿತ್ತು. ಆಗಿನ ಹಡಗುಗಳು ಗಾಳಿ ಹಿಡಿಯೋಕೆ ಬ್ರೆಜಿಲ್ ಕಡೆ ಹೋಗಿ ತಿರುಗ್ತಿದ್ದವು. ಅಲ್ಲಿ 1812ರ ಡಿಸೆಂಬರ್ 29ರಂದು ಎದುರಾಗಿದ್ದು ಅಮೆರಿಕದ ಕಾನ್‌ಸ್ಟಿಟ್ಯೂಷನ್. ಕಾಳಗದಲ್ಲಿ ಜಾವಾದ ಒಂದು ಗುಂಡು ಬಿದ್ದು ಕಾನ್‌ಸ್ಟಿಟ್ಯೂಷನ್ನಿನ ಚುಕ್ಕಾಣಿ ಚಕ್ರವೇ ಹಾರಿಹೋಯ್ತು. ಕೆಳಗಿನ ಅಂತಸ್ತಿನಲ್ಲಿ ಆಳುಗಳು ಚುಕ್ಕಾಣಿಯ ಹಿಡಿಯನ್ನ ಹಗ್ಗದಿಂದ ಎಳೀತಾ, ಮೇಲಿಂದ ಕೂಗಿದ ಆಜ್ಞೆ ಕೇಳಿಸ್ಕೊಳ್ತಾ ಹಡಗನ್ನ ತಿರುಗಿಸಿದರು. ಹಾಗಿದ್ದೂ ಗೆದ್ದರು. ಜಾವಾದಲ್ಲಿ ಹಾಯಿ ಕಟ್ಟೋ ಕೂವೆಮರ ಒಂದೂ ಉಳೀಲಿಲ್ಲ, ತೇಲಿಸಿಕೊಂಡು ಹೋಗೋ ಸ್ಥಿತಿಯಲ್ಲೂ ಇರಲಿಲ್ಲ. ಅದಕ್ಕೆ ಬೆಂಕಿ ಇಡೋ ಮುಂಚೆ ಅಮೆರಿಕನ್ನರು ಅದರ ಚಕ್ರ ಬಿಚ್ಚಿ ತಂದು ತಮ್ಮ ಹಡಗಿಗೆ ಹಾಕಿಕೊಂಡರು. ಮೇಜಿನ ಮೇಲಿರೋ ಕಾನ್‌ಸ್ಟಿಟ್ಯೂಷನ್ ಮಾಡಿದವರಿಗೆ ನನ್ನದೊಂದು ಪ್ರಶ್ನೆ: ನಿಮ್ಮ ಮಾದರಿ 1812ರ ಆಗಸ್ಟಿನದೋ, 1813ರದೋ? ಆಗಸ್ಟಿನದಾದ್ರೆ ಅದರದೇ ಚಕ್ರ. 1813ರದಾದ್ರೆ ಜಾವಾದಿಂದ ಬಂದ ಚಕ್ರ. ನಗಬೇಡಿ, ಈ ಹವ್ಯಾಸದಲ್ಲಿ ಇಂಥದ್ದಕ್ಕೆ ಸ್ನೇಹ ಕೆಟ್ಟಿದೆ.

ಹಾಗೆ ಟ್ರಿಂಕೋಮಲಿಯ ನಕ್ಷೆ ಹೋಯ್ತು. ಮುಂಬಯಿಗೆ ಇನ್ನೊಂದು ಪ್ರತಿ ಬರಬೇಕಾಯ್ತು. ಕೊನೆಗೆ ಹಡಗು ನೀರಿಗಿಳಿದಿದ್ದು 1817ರ ಅಕ್ಟೋಬರ್ 12ಕ್ಕೆ. ಆ ತೇಗದ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲ್ತಾ ಇದೆ. ಕಾನ್‌ಸ್ಟಿಟ್ಯೂಷನ್ ಬಾಸ್ಟನ್ನಿನಲ್ಲಿ ತೇಲ್ತಾ ಇದೆ. ನಕ್ಷೆ ಕಳೆದುಕೊಂಡದ್ದೂ ಉಳಿದಿದೆ, ಕಳೆದದ್ದೂ ಉಳಿದಿದೆ.

ಈ ಕಥೆ ಯಾಕೆ ಹೇಳಿದೆ? ಅಲ್ಲಿ ಕಾಗದ ಹೋದರೂ ಲಂಡನ್ನಿನಲ್ಲಿ ಇನ್ನೊಂದು ಕಾಗದ ಇತ್ತು. ನಮ್ಮ ಕರಾವಳಿಯ ಹಡಗಿನ ನಕ್ಷೆ ಇರೋದು ಮೇಸ್ತ್ರಿಯ ತಲೆಯಲ್ಲಿ. ಅವರು ಕಣ್ಣಳತೆಯಲ್ಲೇ ಬಾಗು ನೋಡಿ, ಮರ ನೋಡಿ ಕಟ್ಟಿಬಿಡ್ತಾರೆ. ಅದು ದೊಡ್ಡ ವಿದ್ಯೆ, ಒಪ್ಪೋಣ. ಆದರೆ ಆ ಮೇಸ್ತ್ರಿ ಹೋದ ದಿನ ಎರಡನೇ ಪ್ರತಿ ಎಲ್ಲಿಂದ ತರ್ತೀರಿ?

ಯಾರೂ ಅಳೆದೇ ಇಲ್ಲ ಅಂತಲ್ಲ. ಜಾನ್ ಈಡೈ ಅಂತ ಒಬ್ಬ, ಶ್ರೀಲಂಕಾದ ಟ್ರಿಂಕೋಮಲಿ ಹಡಗುಕಟ್ಟೆಯ ಮೇಸ್ತ್ರಿಯಾಗಿದ್ದವನು, 1834ರಲ್ಲಿ ಕೋರಮಂಡಲ, ಮಲಬಾರ್ ತೀರದ ದೋಣಿ ಹಡಗುಗಳ ಬಗ್ಗೆ ಚಿತ್ರ ಸಮೇತ ಬರೆದ. ದೊಡ್ಡ ಪತ್ತೇಮಾರಿ ಸುಮಾರು 76 ಅಡಿ ಉದ್ದ ಅಂತ ಅವನ ಲೆಕ್ಕ. ಆಮೇಲೆ ಫ್ರಾನ್ಸಿನ ನೌಕಾಧಿಕಾರಿ ಎಡ್ಮಂಡ್ ಪಾರಿ. ಜಗತ್ತು ಸುತ್ತೋವಾಗ ಬಂದರಿಗೆ ಇಳಿದಲ್ಲೆಲ್ಲ ಅಲ್ಲಿನ ದೋಣಿಗಳನ್ನ ಅಳೆದು, ಬರೆದು 1840ರ ದಶಕದ ಮೊದಲಿಗೆ ಅಚ್ಚು ಹಾಕಿಸಿದ. ಮುಂದೆ ಪ್ಯಾರಿಸ್ಸಿನ ನೌಕಾ ಸಂಗ್ರಹಾಲಯದ ಮುಖ್ಯಸ್ಥನಾಗಿ ಅವುಗಳ ಮಾದರಿ ಮಾಡಿಸಿಟ್ಟ. ನೋಡಿ ನಮ್ಮ ಕಥೆ. ಪತ್ತೇಮಾರಿ ನೋಡಬೇಕು ಅಂದ್ರೆ ಪ್ಯಾರಿಸ್ಸಿಗೆ ಹೋಗಬೇಕು, ವಿಕ್ಟರಿ ನೋಡಬೇಕು ಅಂದ್ರೆ ಬಸವನಗುಡಿಗೆ ಬಂದರೆ ಸಾಕು.

ಒಂದು ಲೆಕ್ಕ ಕೊಡ್ತೀನಿ. ಆ 76 ಅಡಿಯನ್ನ 1:48ಕ್ಕೆ, ಅಂದ್ರೆ ನಲವತ್ತೆಂಟನೇ ಒಂದು ಪಾಲಿಗೆ ಇಳಿಸಿದರೆ 48 ಸೆಂಟಿಮೀಟರ್ ಚಿಲ್ಲರೆ. ಟಿವಿ ಪಕ್ಕ ಕೂರುತ್ತೆ. ಎರಡೋ ಮೂರೋ ಕೂವೆಮರ, ಅವೂ ಮುಂದಕ್ಕೆ ವಾಲಿರ್ತವೆ, ತ್ರಿಕೋನಕ್ಕೆ ಹತ್ತಿರದ ದೊಡ್ಡ ಹಾಯಿ. ವಿಕ್ಟರಿಯ ಹಗ್ಗದ ಕಾಡಿಗೆ ಹೋಲಿಸಿದರೆ ಇಲ್ಲಿ ಹಗ್ಗ ಹತ್ತನೇ ಒಂದು ಪಾಲೂ ಇಲ್ಲ. ಹೊಸಬರು ಇದರಿಂದಲೇ ಶುರು ಮಾಡಬಹುದು.

ಆದರೆ ಒಡಲಿನ ಕೆಲಸ ಉಲ್ಟಾ. ಕಿಟ್ಟಿನಲ್ಲಿ ಏನು ಮಾಡ್ತೀವಿ? ಹಡಗಿನ ತಳದ ಬೆನ್ನೆಲುಬಾದ ಅಡಿಮರಕ್ಕೆ ಪಕ್ಕೆಗಳನ್ನ ಸಿಕ್ಕಿಸಿ, ಆಮೇಲೆ ಮೇಲಿಂದ ಹಲಗೆ ಹೊದಿಸ್ತೀವಿ. ಕೇರಳದ ಬೇಪೂರಿನಲ್ಲಿ ಉರು ಅನ್ನೋ ಮರದ ಹಡಗು ಕಟ್ಟೋರನ್ನ ನೋಡಿ, ಅವರು ಮೊದಲು ಹಲಗೆ ಏರಿಸ್ತಾರೆ, ಒಡಲು ರೂಪ ತಾಳಿದ ಮೇಲೆ ಒಳಗೆ ಪಕ್ಕೆ ಕೂಡಿಸ್ತಾರೆ. ಅಂದ್ರೆ ಆಕಾರ ನಿರ್ಧಾರ ಆಗೋದು ಹಲಗೆಯಲ್ಲಿ, ಪಕ್ಕೆಯಲ್ಲಲ್ಲ. ಕಲ್ಲಂಗಡಿಯ ಪಟ್ಟೆಗಳು ನಡುವೆ ಅಗಲವಾಗಿದ್ದು ತುದಿಗೆ ಬರ್ತಾ ಕಿರಿದಾಗೋ ಹಾಗೆ ಹಲಗೆಯೂ ಮೂತಿ ಕಡೆಗೆ ಸಣ್ಣದಾಗಬೇಕು. ಒಂದೇ ಅಗಲದ ಪಟ್ಟಿ ಬಗ್ಗಿಸ್ತೀನಿ ಅಂತ ಹೊರಟರೆ ಮೂತಿಯ ಹತ್ತಿರ ಒಂದರ ಮೇಲೊಂದು ಹತ್ತಿ ಕೂರ್ತವೆ. ಹಾಗಾಗಿ ನಡುಭಾಗದ ಸುತ್ತಳತೆ, ಮೂತಿಯ ಸುತ್ತಳತೆ ಎರಡನ್ನೂ ಹಲಗೆಗಳ ಸಂಖ್ಯೆಯಿಂದ ಭಾಗಿಸಿ ಪೆನ್ಸಿಲ್ ಗುರುತು ಹಾಕಿ. ಪಟ್ಟಿಯನ್ನ ಬಿಸಿನೀರಲ್ಲಿ ನೆನೆಸಿ, ಸೋಲ್ಡರಿಂಗ್ ಕಡ್ಡಿಯ ಕೊಳವೆ ಭಾಗದ ಮೇಲೆ ಮೆಲ್ಲಗೆ ಎಳೀತಾ ಬಗ್ಗಿಸಿ. ಚುರ್ ಅಂತ ಹಬೆ ಬಂದಾಗ ಮರ ಬಾಗುತ್ತೆ, ಸೀದ ವಾಸನೆ ಬಂತು ಅಂದ್ರೆ ಸುಡ್ತಾ ಇದೆ.

ಬೆಂಗಳೂರಲ್ಲಿ ಸಮುದ್ರ ಇಲ್ಲ, ನಿಮಗ್ಯಾಕೆ ಹಡಗು ಅಂತ ಕೇಳೋರಿಗೆ ನಾನು ಶ್ರೀರಂಗಪಟ್ಟಣ ತೋರಿಸ್ತೀನಿ. 1796ರಲ್ಲಿ ಟಿಪ್ಪು ಆ ನದಿಯ ದ್ವೀಪದಲ್ಲಿ ಕೂತು ದೊಡ್ಡ ನೌಕಾಪಡೆಗೆ ಆಜ್ಞೆ ಬರೆಸಿದ. ಮಂಗಳೂರು, ಮಿರ್ಜಾನ್, ಸದಾಶಿವಗಡದ ಕಡೆ ಹಡಗುಕಟ್ಟೆ, ಕಾಡಿನ ಮರ ನದಿಯಲ್ಲಿ ತೇಲಿಸಿ ತರಬೇಕು, ತಳಕ್ಕೆ ತಾಮ್ರ ಹೊಡೀಬೇಕು. ಮೂರೇ ವರ್ಷದಲ್ಲಿ 1799 ಬಂತು, ಯೋಜನೆ ಕಾಗದದಲ್ಲೇ ನಿಂತಿತು. ಇರಲಿ, ಕಾಗದ ಅಂತ ಒಂದಿತ್ತಲ್ಲ!

ಇದೇ ಕಾರಣಕ್ಕೆ ನನಗೆ ಕೌಂಡಿನ್ಯ ಹಡಗಿನ ಬಗ್ಗೆ ಸಂತೋಷವೂ ಇದೆ, ಹೊಟ್ಟೆಯುರಿಯೂ ಇದೆ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು, ಪತ್ರಿಕೆಯಲ್ಲಿ ಓದಿದ್ದೀರಿ. ಮೊಳೆ ಇಲ್ಲದೆ, ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದು ಕಟ್ಟಿದ ಹಡಗು. ಹೊಲಿದವರು ಕೇರಳದ ಕುಶಲಿಗರು. ಅದಕ್ಕೆ ಆಧಾರ ಏನು? ಅಜಂತಾದ ಗೋಡೆಯ ಮೇಲಿನ ಒಂದು ಚಿತ್ರ, ಐದನೇ ಶತಮಾನದ್ದು. ನಕ್ಷೆ ಇರಲಿಲ್ಲ, ಹಾಗಾಗಿ ಚಿತ್ರದಿಂದ ಆಕಾರ ಊಹಿಸಿ, ಚಿಕ್ಕ ಮಾದರಿ ಮಾಡಿ, ಐಐಟಿ ಮದ್ರಾಸಿನಲ್ಲಿ ಅದನ್ನ ನೀರಿನಲ್ಲಿ ಪರೀಕ್ಷೆ ಮಾಡಿ, ಆಮೇಲೆ ದೊಡ್ಡದು ಕಟ್ಟಿದರು. ಮಾದರಿ ಹಡಗು ಅಂದ್ರೆ ಷೋಕೇಸಿನ ಗೊಂಬೆ ಅಂತ ನಿಮ್ಮ ಮನೆಯವರು ಹೇಳಿದರೆ ಇದನ್ನ ತೋರಿಸಿ. ಹೊಟ್ಟೆಯುರಿ ಯಾಕೆ ಅಂದ್ರೆ, ಐದನೇ ಶತಮಾನದ್ದಕ್ಕೆ ಗೋಡೆ ಚಿತ್ರ ಆದರೂ ಸಿಕ್ಕಿತು, ನಮ್ಮ ಅಜ್ಜಂದಿರ ಕಾಲದ ಮಚವೆಗೆ ಅದೂ ಇಲ್ಲ. ಅಳತೆಪಟ್ಟಿ, ಸ್ವಾಮಿ, ಅಳತೆಪಟ್ಟಿ.

ಈಗಿನ ಮಂಜಿಗೆ ಡೀಸೆಲ್ ಎಂಜಿನ್ ಇದೆ, ಅದು ಹಾಯಿಹಡಗೇ ಅಲ್ಲ ಅಂತ ಹಿಂದಿನ ಸಲ ಒಬ್ಬರು ವಾದ ಮಾಡಿದರು. ಎಂಜಿನ್ ಬಂದಿರೋದು ನಿಜ. ಆದರೆ ನೀರಿನ ಕೆಳಗಿನ ಮರಗೆಲಸ, ಹಲಗೆ ಜೋಡಿಸೋ ರೀತಿ ಇವೆಲ್ಲ ಒಂದೇ ದಿನಕ್ಕೆ ಬದಲಾಗಲ್ಲ. ಫೈಬರ್ ದೋಣಿ ಪೂರ್ತಿ ಆವರಿಸಿಕೊಳ್ಳೋ ಮುಂಚೆ ಸಿಕ್ಕಿದ್ದನ್ನ ಅಳೆದಿಟ್ಟುಕೊಳ್ಳೋಣ, ಜಗಳ ಆಮೇಲೆ ಆಡೋಣ.

ನೋಡಿ, ಅಧ್ಯಕ್ಷರಿಂದ ಚೀಟಿ ಬಂತು. ಹತ್ತು ನಿಮಿಷ. ಇನ್ನೂ ಮೂರು ವಿಷಯ ಇದೆ ನನ್ನ ಹತ್ತಿರ.

ಹಗ್ಗ. ಇದನ್ನ ಮಾತ್ರ ಸ್ವಲ್ಪ ನಿಧಾನ ಹೇಳ್ತೀನಿ, ಯಾಕಂದ್ರೆ ಜನ ಹಡಗು ಅರ್ಧಕ್ಕೆ ಬಿಡೋದು ಇಲ್ಲೇ. ಕೂವೆಮರವನ್ನ ಪಕ್ಕದಿಂದ ಹಿಡಿದಿಡೋ ದಪ್ಪ ಹಗ್ಗಕ್ಕೆ ಅಡ್ಡಡ್ಡ ತೆಳುದಾರ ಕಟ್ಟಿರ್ತಾರಲ್ಲ, ನಾವಿಕರು ಹತ್ತೋ ಏಣಿ, ಅದು ರ‍್ಯಾಟ್‌ಲೈನ್. ನಿಜ ಹಡಗಿನಲ್ಲಿ ಒಂದರಿಂದೊಂದಕ್ಕೆ ಸುಮಾರು 15 ಇಂಚು. 1:64ರಲ್ಲಿ ಅದು 6 ಮಿಲಿಮೀಟರ್. ಒಂದು ಬಿಳಿ ಕಾರ್ಡಿನ ಮೇಲೆ 6 ಮಿಲಿಮೀಟರಿಗೊಂದು ಗೆರೆ ಎಳೆದು ಹಗ್ಗದ ಹಿಂದೆ ಸಿಕ್ಕಿಸಿ. ಕಣ್ಣು ಗೆರೆ ನೋಡುತ್ತೆ, ಕೈ ಗಂಟು ಹಾಕುತ್ತೆ. ನಡುವಿನ ಹಗ್ಗಗಳಿಗೆ ಕ್ಲೋವ್ ಹಿಚ್ ಗಂಟು. ಬಿಗಿಯೋವಾಗ ಜೋರು ಮಾಡಿದರೆ ಎರಡು ಬದಿಯ ಹಗ್ಗ ಒಳಕ್ಕೆ ಸೊಂಟ ಹಿಡಿದ ಹಾಗೆ ಬಾಗುತ್ತೆ, ಆಮೇಲೆ ಏನು ಮಾಡಿದರೂ ನೇರ ಆಗಲ್ಲ. ದಿನಕ್ಕೆ ನಾಲ್ಕು ಸಾಲು ಕಟ್ಟಿ ಎದ್ದುಬಿಡಿ. ಕಾಯಂ ನಿಲ್ಲೋ ಹಗ್ಗಕ್ಕೆ ಟಾರು ಬಳೀತಿದ್ದರು, ಅದು ಕಡುಗಂದು. ಹಾಯಿ ಎಳೆಯೋ ಹಗ್ಗಕ್ಕೆ ಟಾರಿಲ್ಲ, ತಿಳಿ ಬಣ್ಣ. ಎಲ್ಲ ಹಗ್ಗವನ್ನೂ ಕಪ್ಪು ಮಾಡಿದ ಹಡಗನ್ನ ನೋಡಿದರೆ ನನಗೆ ಊಟ ಸೇರಲ್ಲ.

ಸಾಮಾನು. ಚಿಕ್ಕಪೇಟೆಯಲ್ಲಿ ಕ್ರೋಶಾದ ಹತ್ತಿ ದಾರ. ಅದರ ಜುಂಗು ಕೂರಿಸೋಕೆ ಗ್ರಂಥಿಗೆ ಅಂಗಡಿಯ ಜೇನುಮೇಣ. ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಚಿಮಟ, ಸಣ್ಣ ಗರಗಸ, ಕೈ ಡ್ರಿಲ್. ಚನ್ನಪಟ್ಟಣದ ಗೊಂಬೆಗೆ ಬಳಸೋ ಆಲೆಮರಕ್ಕಿಂತ ಒಳ್ಳೇ ಮರ ಈ ಕೆಲಸಕ್ಕೆ ಬೇಡ, ಎಳೆ ಕಾಣಲ್ಲ, ಹಗ್ಗದ ಪುಟ್ಟ ರಾಟೆ ಮಾಡಿದರೂ ಸೀಳಲ್ಲ. ಅಂಟಿಗೆ ಫೆವಿಕಾಲ್ ಸಾಕು. ಪತ್ತೇಮಾರಿಯ ತಳಕ್ಕೆ ತಾಮ್ರ ಬೇಡ, ನಮ್ಮವರು ಹುಳು ಹಿಡೀದ ಹಾಗೆ ಸುಣ್ಣ ಕೊಬ್ಬು ಕಲಸಿ ಬಳೀತಿದ್ದರು, ಮಾಸಲು ಬಿಳಿ ಬಣ್ಣ ಹಚ್ಚಿ.

ಹಡಗಿನ ಮೂತಿ ಮನೆ ಒಳಗೆ ನೋಡಬೇಕೋ ಹೊರಗೆ ನೋಡಬೇಕೋ, ವಾಸ್ತು ಪ್ರಕಾರ ದುಡ್ಡು ಬರುತ್ತಾ ಅಂತ ಇಲ್ಲಿ ಪ್ರತಿ ಸಲ ಕೇಳ್ತಾರೆ. ಇಟಾಲಿಯನ್ ಕಿಟ್ ಕೊಂಡವರ ಮನೆಯಿಂದ ದುಡ್ಡು ಹೋಗೋದು ಮಾತ್ರ ನಾನು ನೋಡಿದ್ದೀನಿ.

ಇನ್ನೆರಡು ನಿಮಿಷ. ಅಳೆಯೋದು ಹೇಗೆ? ಒಡಲಿನ ಒಂದೇ ಬದಿ ಸಾಕು. ಅಡಿಮರದ ಉದ್ದಕ್ಕೆ ಮೀಟರಿಗೊಂದು ಸೀಮೆಸುಣ್ಣದ ಗುರುತು. ಪ್ರತಿ ಗುರುತಿನ ಹತ್ತಿರ ತೂಗುಗುಂಡು ನೋಡಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಆ ಕೋಲಿನಿಂದ ಒಡಲಿಗೆ ಎಷ್ಟು ದೂರ ಅಂತ 20 ಸೆಂಟಿಮೀಟರ್ ಎತ್ತರಕ್ಕೊಮ್ಮೆ ಬರೆದುಕೊಳ್ಳಿ. ಪತ್ತೇಮಾರಿ ಜಾತಿಯದು ಸಿಕ್ಕರೆ ಅಡಿಮರ ನಡುವೆ ಮೇಲಕ್ಕೆ ಕಮಾನಾಗಿರುತ್ತೆ, ಆ ಬಾಗನ್ನ ಬಿಡಬೇಡಿ. ಫೋಟೋ ತೆಗೆಯೋವಾಗ ಪಕ್ಕದಲ್ಲಿ ಮೀಟರ್ ಕೋಲು ಇರಲಿ. ಮುಖ್ಯವಾಗಿ ಮಾಲೀಕರನ್ನ, ಮೇಸ್ತ್ರಿಯನ್ನ ಕೇಳಿ ಹೋಗಿ, ಅವರು ಹೇಳಿದ ಹೆಸರುಗಳನ್ನ ಹಾಗೇ ಬರ್ಕೊಳ್ಳಿ.

ಹೋಗೋದು ಜೂನ್, ಜುಲೈನಲ್ಲಿ. ಮಳೆಗಾಲದಲ್ಲಿ ಕರಾವಳಿಗಾ ಅಂತ ಮೂಗು ಮುರೀಬೇಡಿ. ಮೀನುಗಾರಿಕೆ ನಿಂತಿರುತ್ತೆ, ಮರದ ದೋಣಿಗಳನ್ನ ದಡಕ್ಕೆ ಎಳೆದಿರ್ತಾರೆ, ತಳ ಪೂರ್ತಿ ಕಾಣೋದು ಆಗಲೇ. ಮಂಗಳೂರಿನ ಹಳೇ ಬಂದರು, ಗಂಗೊಳ್ಳಿ, ಹೊನ್ನಾವರ ಮೂರೂ ಕಡೆ ಹೋಗೋಣ ಅಂತಿದೆ. ಕೊಡೆ ನಿಮ್ಮದು, ಕೋಲು ನನ್ನದು. ಬರೋರು ಬಾಗಿಲ ಹತ್ತಿರದ ನೋಟ್‌ಬುಕ್ಕಲ್ಲಿ ಹೆಸರು ಬರೀರಿ. ಮೇಜಿನ ಹತ್ತಿರ ಹೋಗೋರು ದಯವಿಟ್ಟು ವಿಕ್ಟರಿಯ ದಾರ ಮುಟ್ಟಬೇಡಿ, ಅದನ್ನ ಮಾಡಿದವರು ಎರಡನೇ ಸಾಲಲ್ಲೇ ಕೂತಿದ್ದಾರೆ.